ಗೋಡೆ ಕಡೆ ಮುಖ

ಅಡುಗೆ ಮಾಡಬೇಡಿ, ಮನೆ ಒರೆಸಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ಗುಲ್‌ನಾಹಾರ್ ಚಾಚಿಗೆ ಫೋನಿನಲ್ಲಿ ಬಡಕೊಂಡಿದ್ದೆ. ಲಕ್ವ ಹೊಡೆದ ಗಂಡನನ್ನು ಆಕೆಯೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್ಲಿನವರು ಬಂದು ನೋಡಿ ಒಪ್ಪಿದರೆ ದಿನಾ ಮನೆಗೆ ಆಯಾ ಬರುತ್ತಾರೆ, ಪುಕ್ಕಟೆ. ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಬಂದು ಇಂಗ್ಲೆಂಡಿನ ಈ ಓಲ್ಡಮ್ಮಿನಲ್ಲಿ ನೆಲೆಸಿದ ನಮ್ಮ ಜನಕ್ಕೆ ಇಂಥದ್ದನ್ನೆಲ್ಲ ಕೊಡಿಸುವುದೇ ನಮ್ಮ ಕೇಂದ್ರದ ಕೆಲಸ. ಅಲ್ಲಿ ನಾನು ದುಭಾಷಿ.

ಕೌನ್ಸಿಲ್ಲಿನ ಹೆಲೆನ್ ಎಂಬ ಅಧಿಕಾರಿಯ ಜೊತೆ ಹೋದರೆ ಮನೆ ಫಳಫಳ ಅನ್ನುತ್ತಿತ್ತು. ಮೇಜಿನ ತುಂಬ ಕರಿದ ಇಲಿಶ್ ಮೀನು, ಬೆಲ್ಲದ ಹಂದೇಶ್ ಕಜ್ಜಾಯ. ಗಂಡ ತೋಯಮುಸ್ ಚಾಚಾನಿಗೆ ಚಾಚಿ ಕೋಟು ತೊಡಿಸಿ, ಎರಡೂ ಪಕ್ಕ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದ್ದಳು. ನೆಂಟರು ಬಂದರಲ್ಲ! ನನಗೆ ಮೈಯೆಲ್ಲ ಉರಿಯಿತು.

ಸ್ನಾನ ಯಾರು ಮಾಡಿಸುತ್ತಾರೆ ಎಂದು ಹೆಲೆನ್ ಕೇಳಿದಳು. ಅವರೇ ಮಾಡಿಕೊಳ್ಳುತ್ತಾರೆ ಎಂದಳು ಚಾಚಿ. ನಡೆಯುತ್ತಾರಾ? ಮಸೀದಿಗೂ ಹೋಗಿಬರುತ್ತಾರಂತೆ. ಹೇಳಿದ್ದನ್ನು ಹೇಳಿದಂತೆ ದಾಟಿಸುವುದು ನನ್ನ ಕೆಲಸ. ಹಲ್ಲು ಕಚ್ಚಿ ದಾಟಿಸಿದೆ.

"ಚಾಚಿ, ಹೀಗಂದ್ರೆ ಯಾರೂ ಬರಲ್ಲ."

"ನೀನು ಸುಮ್ನಿರೆ ರೋಷ್ನಾ. ಮೀನು ತಗೋ."

ಸಹಾಯ ಬೇಕಿಲ್ಲ ಅನಿಸುತ್ತದೆ ಎಂದು ಹೆಲೆನ್ ಚೀಲ ಮುಚ್ಚಿದಳು. ಆಗ ಚಾಚಾ ಬಾಯಿಬಿಟ್ಟ. ಅರ್ಧ ನಾಲಿಗೆಯ ಮಾತು.

"ರೋಷ್ನಾ, ಆ ಕಡೆ ತಿರುಗು ಮಗಳೇ. ಗೋಡೆ ನೋಡು."

ತಿರುಗಿದೆ.

"ನಂಗೆ ಎಲ್ಲಾ ಹಾಸಿಗೇಲೇ ಆಗುತ್ತೆ. ಇವಳೇ ತೊಳೀತಾಳೆ. ಮೊನ್ನೆ ನನ್ನ ಎತ್ತೋಕೆ ಹೋಗಿ ಬಚ್ಚಲಲ್ಲಿ ಬಿದ್ದಳು. ಏಳೋಕಾಗದೆ ಇಬ್ಬರೂ ಅಲ್ಲೇ ಬಿದ್ದಿದ್ವಿ."

ಗೋಡೆಗೆ ಹೇಳಿದಂತೆ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಹಿಂದೆ ಚಾಚಿ ಅಳುತ್ತಿದ್ದಳು. ಹೆಲೆನ್ ನಿಜವೇ ಎಂದು ಕೇಳಿದ್ದನ್ನು ಚಾಚಿಗೆ ದಾಟಿಸಿದೆ.

"ನಿಜ. ಆ ಮೇಡಂಗೆ ಹೇಳೋಕೆ ನಂಗೇನು? ಅವಳು ನಾಳೆ ಮರೀತಾಳೆ. ನೀನು ನಮ್ಮ ಬೀದಿ ಹುಡುಗಿ ಕಣೆ. ಇವರ ಕೈ ಹಿಡ್ಕೊಂಡು ಸ್ಕೂಲಿಗೆ ಹೋದವಳು."

ಬಿಳಿ ಹೆಂಗಸಿನ ಮುಂದೆ ಜಂಬ ಎಂದುಕೊಂಡು ಇಷ್ಟು ಹೊತ್ತೂ ಸಿಡುಕಿದ್ದೆ. ಅವರು ಮುಚ್ಚಿಟ್ಟದ್ದು ನನ್ನಿಂದ. ಬೇರೆ ಊರಿನ ದುಭಾಷಿ ಬೇಕೇ ಎಂದು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಸೋಮವಾರದಿಂದ ಜನ ಬರುತ್ತಾರೆ ಎಂದಳು ಹೆಲೆನ್. ಅದನ್ನೂ ಗೋಡೆ ನೋಡುತ್ತಲೇ ಹೇಳಿದೆ. ಇನ್ನು ಈ ಕಡೆ ತಿರುಗು ಎಂದು ಚಾಚಾ ಅನ್ನಲಿಲ್ಲ. ತಿರುಗಲು ನನಗೂ ಮುಖವಿರಲಿಲ್ಲ.