ದವಾಖಾನೆಯ ಸರಹದ್ದು

ಬೀರವಾಡಿಗೆ ದವಾಖಾನೆ ಬರುತ್ತದೆಂದು ಕಲ್ಹೇರ್ ಕಡೆಯ ಹಳ್ಳಿಗಳೆಲ್ಲ ಹಿಗ್ಗುತ್ತಿದ್ದಾಗ ಶಂಕರಮ್ಮ ಒಬ್ಬಳೇ ಹುಬ್ಬು ಗಂಟಿಕ್ಕಿದಳು. ಸುಣ್ಣವನ್ನೂ ಮೂಸಿ ನೋಡಿ ಎಲೆಗೆ ಹಚ್ಚುವ ಹೆಂಗಸು ಅವಳು. ಗಂಡ ತೀರಿದ ಮೇಲೆ ಮೈದುನರ ಬಾಯಿಂದ ಹೊಲ ಉಳಿಸಿಕೊಂಡವಳಿಗೆ ಅನುಮಾನವೇ ಕಾವಲುನಾಯಿ. ಅದನ್ನು ಕಟ್ಟಿಹಾಕು ಎನ್ನಲು ಯಾರಿಗೆ ಬಾಯಿದೆ?

ರಾಜ್ಯಗಳು ಹೊಸದಾಗಿ ಹಂಚಿಹೋಗಿ ಆರೇಳು ವರ್ಷಗಳಾಗಿದ್ದವು. ಸರಕಾರ ಒಬ್ಬ ನರ್ಸನ್ನೂ ಔಷಧಿಯನ್ನೂ ಕೊಡುವುದು, ಕಟ್ಟಡವನ್ನು ಸುತ್ತಲ ಹಳ್ಳಿಯವರು ಕಟ್ಟುವುದು, ಅವರದೇ ಕಮಿಟಿ ನಡೆಸುವುದು ಎಂದು ತೀರ್ಮಾನವಾಗಿತ್ತು. ಸರಹದ್ದಿನೊಳಗಿನ ಪ್ರತಿ ಮನೆಯವರೂ ರಾಶಿಯ ಹೊತ್ತಿಗೆ ಕಣದಲ್ಲಿ ಒಂದು ಬುಟ್ಟಿ ಜೋಳ ದವಾಖಾನೆಗೆ ಅಳೆಯಬೇಕು. ನರ್ಸ್ ಆ ಮನೆಗಳ ಹೆರಿಗೆಗೆ ಬಾಗಿಲಿಗೇ ಬರಬೇಕು. ಕಮಿಟಿಯ ಅಧ್ಯಕ್ಷ ಈಶಪ್ಪ. ಅವನ ಹೊಲ ಶಂಕರಮ್ಮನ ಹೊಲಕ್ಕೆ ಹತ್ತಿಕೊಂಡೇ ಇತ್ತು. ಅವಳಿಗೆ ಅಷ್ಟು ಸಾಕಾಯಿತು. ಇವತ್ತು ದವಾಖಾನೆಯ ಸರಹದ್ದು, ನಾಳೆ ಹೊಲದ ಸರಹದ್ದು ಎಂದು ಹಳ್ಳದಾಚೆ ತಾನಿದ್ದ ಪುಟ್ಟ ವಾಡಿಯ ಎಂಟೂ ಮನೆಗೆ ಹೇಳಿಬಂದಳು. ಮಗಳು ಕೌಶಲ್ಯಾ ಚೊಚ್ಚಲ ಹೆರಿಗೆಗೆ ಬರುವವಳಿದ್ದಾಳಲ್ಲ ಎಂದು ನೆರೆಯವರು ನೆನಪಿಸಿದರು. ನಮ್ಮತ್ತೆ ಐದು ಹೆತ್ತಾಗ ಯಾವ ನರ್ಸ್ ಇದ್ದಳು ಎಂದು ಅವರ ಬಾಯಿ ಮುಚ್ಚಿಸಿದಳು.

ಆ ಸೀಮೆಯಲ್ಲಿ ಗಡಿ ಗೊತ್ತುಮಾಡುವ ಒಂದು ಹಳೆಯ ಪದ್ಧತಿಯಿತ್ತು. ಕೇರಿಯ ಮೊಗಲಪ್ಪನ ಮನೆತನದವರು ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆದದ್ದೇ ಗಡಿ. ಸುಳ್ಳು ನಡೆದರೆ ವಂಶ ಅಳಿಯುತ್ತದೆಂಬ ಆಣೆ. ಮೊಗಲಪ್ಪನ ಕೈಯ ನೀರು ಮುಟ್ಟದ ಊರು ಅವನ ನೆತ್ತಿಯ ಮಣ್ಣನ್ನು ಮಾತ್ರ ನಂಬುತ್ತಿತ್ತು. ತನಗೆ ಬೇಕಾದಾಗ ಮಡಿ, ಬೇಡವಾದಾಗ ಮೈಲಿಗೆ. ದವಾಖಾನೆಗೂ ಹಾಗೇ ಗಡಿ ಹಾಕೋಣವೆಂದು ಕಮಿಟಿ ಅವನಿಗೆ ಹೆಂಟೆ ಹೊರಿಸಿತು.

ಅವನು ಕೇರಿಯನ್ನು ಒಳಗೆ ಹಾಕಿಕೊಂಡು ಹಳ್ಳ ದಾಟಿ ವಾಡಿಯತ್ತ ತಿರುಗುತ್ತಿದ್ದಂತೆ ಶಂಕರಮ್ಮ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಈಶಪ್ಪನ ಉಪ್ಪು ತಿಂದವನ ಕಾಲು ಈಶಪ್ಪ ಹೇಳಿದಲ್ಲಿಗೇ ಹೋಗುತ್ತದೆ ಎಂದು ಎಲ್ಲರೆದುರು ಅಂದಳು. ಮೊಗಲಪ್ಪನ ಮುಖ ಕಪ್ಪಿಟ್ಟಿತು. ತಲೆಯ ಮೇಲೆ ಹೆಂಟೆಯಿದ್ದಾಗ ಅವನ ಮನೆತನಕ್ಕೆ ಯಾರೂ ಹಾಗೆ ಅಂದಿರಲಿಲ್ಲ.

"ಹಂಗಾದ್ರ ನೀವೇ ಹೇಳ್ರಿ ಅವ್ವಾರೆ, ಎಲ್ಲಿ ನಡೀಲಿ?" ಎಂದ.

"ಹಳ್ಳದ ಆಚಿ ದಂಡಿಗುಂಟ ನಡಿ. ದವಾಖಾನಿ ಮಂದಿ ಕಾಲು ಈಚಿಗಿ ಬೀಳಬಾರದು."

ಅವನು ತಿರುಗಿ ಹಾಗೆಯೇ ನಡೆದ. ವಾಡಿ ಹೊರಗುಳಿಯಿತು. ಕಮಿಟಿಯೂ ಅವಳ ಮಾತನ್ನು ಇದ್ದಂತೆಯೇ ಒಪ್ಪಿಕೊಂಡಿತು. ಶಂಕರಮ್ಮ ಆ ದಿನ ಗೆದ್ದ ಸಂತೋಷದಲ್ಲಿ ಒಂದು ರೊಟ್ಟಿ ಹೆಚ್ಚು ತಿಂದಳು.

ದವಾಖಾನೆ ಶುರುವಾಯಿತು, ಕೌಶಲ್ಯಾ ಹೆರಿಗೆಗೆ ಬಂದಳು. ನೋವು ಶುರುವಾಗಿ ಮರುದಿನ ಮಧ್ಯಾಹ್ನವಾದರೂ ಕೂಸು ಹೊರಬರಲಿಲ್ಲ. ವಾಡಿಯ ಸೂಲಗಿತ್ತಿ ಕೈ ತೊಳೆದುಕೊಂಡು, ಇದು ನನ್ನಿಂದಾಗದು ಎಂದುಬಿಟ್ಟಳು. ಶಂಕರಮ್ಮ ಕಾಲಲ್ಲಿ ಚಪ್ಪಲಿಯಿಲ್ಲದೆ ಬೀರವಾಡಿಗೆ ಓಡಿದಳು. ನರ್ಸ್ ಉಮಾಬಾಯಿ ಚೀಲ ಹಿಡಿದು ಹೊರಟೇಬಿಟ್ಟಳು. ತಡೆದವನು ಈಶಪ್ಪ. ಅವನೇನು ಕೆಟ್ಟವನಲ್ಲ, ಅವನಿಗೂ ಅನುಮಾನ. ಏನಾದರೂ ಹೆಚ್ಚುಕಡಿಮೆಯಾದರೆ ಈ ಹೆಂಗಸು ದವಾಖಾನೆಯವರೇ ನನ್ನ ಮಗಳನ್ನು ಕೊಂದರು ಎಂದು ಕಮಿಟಿಯನ್ನೇ ಕಚೇರಿಗೆ ಎಳೆಯುವವಳು ಎಂದುಕೊಂಡ.

"ನಿಮ್ಮ ಬಾಯಿಂದ ಬಂದ ಮಾತೇ ಅದ ಶಂಕರಮ್ಮಾರಿ. ಗಡಿ ದಾಟಿ ನಾವು ಬರಂಗಿಲ್ಲ. ಒಳಗಿನ ಯಾವ ಮನಿಗಾದರೂ ನರ್ಸ್ ಬರ್ತಾಳ."

ಕಲ್ಲುದಾರಿಯಲ್ಲಿ ಬಂಡಿ ಕಟ್ಟಿ ಬೀರವಾಡಿಯತನಕ ತಂದರೆ ಜೀವ ಉಳಿಯುವುದಿಲ್ಲ, ಹಳ್ಳದ ದಂಡೆಯ ಮೊದಲ ಮನೆಗೇ ಎತ್ತಿ ತನ್ನಿ ಎಂದಳು ಉಮಾಬಾಯಿ. ಮೊದಲ ಮನೆ ಮೊಗಲಪ್ಪನದು.

ಮಗಳನ್ನು ಹೊರಸಿನ ಮೇಲೆ ಹೊರಿಸಿಕೊಂಡು ಹಳ್ಳ ದಾಟುವಾಗಲೂ ಶಂಕರಮ್ಮನ ಕಾವಲುನಾಯಿ ಬೊಗಳುತ್ತಲೇ ಇತ್ತು. ಇವನು ಸೇಡಿಗೆ ಬಾಗಿಲು ಹಾಕಿದರೆ? ತೆಗೆದರೂ ನಾಳೆ ಊರಿಗೆಲ್ಲ ಸಾರಿಕೊಂಡು ಬಂದರೆ? ಬಾಗಿಲು ತೆರೆದೇ ಇತ್ತು. ಮೊಗಲಪ್ಪನ ಹೆಂಡತಿ ಸಾಯಮ್ಮ ಪೆಟ್ಟಿಗೆಯಿಂದ ಹೊಸ ಕೌದಿ ತೆಗೆದು ಹಾಸಿದಳು, ನೀರು ಕಾಯಿಸಿ ತಂದಳು. ಶಂಕರಮ್ಮ ಬಗ್ಗಿ ಆ ನೀರನ್ನು ಮೂಸಿದಳು. ಸಾಯಮ್ಮ ಅದನ್ನು ನೋಡಿದಳು. ಆ ನೋಟಕ್ಕೆ ಶಂಕರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು.

ಹೊತ್ತು ಮುಳುಗುವ ಮೊದಲು ಕೂಸು ಅತ್ತಿತು. ಹೆಣ್ಣು. ಕೌಶಲ್ಯಾ ಉಳಿದಳು. ಶಂಕರಮ್ಮ ಗೋಡೆಗೊರಗಿ ಕುಳಿತು ಸಾಯಮ್ಮನನ್ನು ಕುಡಿಯಲು ನೀರು ಕೇಳಿದಳು. ಈ ಸಲ ಮೂಸದೆ ಗಟಗಟ ಕುಡಿದಳು.

ವಾಡಿಯ ಎಂಟೂ ಮನೆಯವರು ಕಮಿಟಿಯ ಮುಂದೆ ಹೋಗಿ ನಮ್ಮನ್ನೂ ಒಳಗೆ ಸೇರಿಸಿಕೊಳ್ಳಿ ಎಂದರು. ಗಡಿ ಮತ್ತೆ ನಡೆಯಬೇಕೆಂದಾಯಿತು. ಶಂಕರಮ್ಮ ಮೊಗಲಪ್ಪನನ್ನು ಕರೆಯಲು ಹೋದಳು. ಅವನು ಅಂಗಳದಲ್ಲಿ ಕೂತೇ ಉತ್ತರ ಕೊಟ್ಟ.

"ಈ ಸಲ ನಾ ಹೊರಂಗಿಲ್ರಿ. ನನ್ನ ತಲಿ ಮ್ಯಾಲಿನ ಮಣ್ಣು ನೀವು ನಂಬಲಿಲ್ಲ. ನೀವೇ ಹೊರ್ರಿ."

ಅವನೇ ಅಂಗಳದಿಂದ ಒಂದು ಹೆಂಟೆ ಕಿತ್ತು ಅವಳ ಮುಂದಿಟ್ಟ. ಹೆಂಗಸು ಗಡಿ ನಡೆದದ್ದನ್ನು ಕಂಡವರಿರಲಿಲ್ಲ, ನಡೆಯಬಾರದೆಂದು ಹೇಳಿದವರೂ ಇರಲಿಲ್ಲ. ಮರುದಿನ ಶಂಕರಮ್ಮ ಸೆರಗು ಬಿಗಿದು ಹೆಂಟೆ ಹೊತ್ತು ವಾಡಿಯನ್ನು ಸುತ್ತತೊಡಗಿದಳು. ಹಿಂದೆ ಸುತ್ತಲ ಹಳ್ಳಿಗಳ ಮಂದಿ, ಅವರ ನಡುವೆ ಮೊಗಲಪ್ಪ. ಈಶಪ್ಪನ ಹೊಲದ ಬದುವಿಗೆ ಬಂದಾಗ ಬೆನ್ನ ಹಿಂದೆ ಗುಸುಗುಸು ಎದ್ದಿತು. ಎಡಕ್ಕೆ ಸರಿಯುತ್ತಿದ್ದಾಳೆ, ಒಂದು ಸಾಲು ಒಳಗೆ ಹಾಕಿಕೊಳ್ಳುತ್ತಾಳೆ ಎಂದರು ಯಾರೋ. ಬಿಸಿಲಿಗೆ ಹೆಂಟೆ ಬಿರಿದು ಕಣ್ಣಿಗೆ ಮಣ್ಣು ಉದುರಿತು. ಎರಡೂ ಕೈ ಮೇಲಿದ್ದವು, ಒರೆಸಿಕೊಳ್ಳುವಂತಿರಲಿಲ್ಲ. ಅವಳು ನೆಟ್ಟಗೇ ನಡೆಯುತ್ತಿದ್ದಳು, ಆದರೆ ಅದನ್ನು ನಂಬುವವರು ಹಿಂದೆ ಒಬ್ಬರೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಮಣ್ಣಿಗಷ್ಟೇ ಅಲ್ಲ.

"ಮೊಗಲಪ್ಪಾ, ನೀನಾದರೂ ಹೇಳು. ನಾ ನೆಟ್ಟಗ ನಡದೀನೋ ಇಲ್ಲೋ?"

ಮೊಗಲಪ್ಪ ಬಗ್ಗಿ ಬದುವಿನ ಮೇಲಿನ ಅವಳ ಹೆಜ್ಜೆಗಳನ್ನು ನೋಡಿದ.

"ನಡೀರಿ ಅವ್ವಾರೆ," ಎಂದ. "ನಾನೂ ಹಿಂದ ನೋಡ್ಕೋತನೇ ಬರಾಕತ್ತೀನಿ."