ನೀಲಿಗಟ್ಟಿದ ಉಳಿಗಳು

"ಯಾರು ಮುಟ್ಟಿದ್ದು ಇದನ್ನ?"

ಹೇರೂರಿನ ತವರಿಂದ ಆಗಷ್ಟೇ ಬಂದ ನೇತ್ರಾ ಹೆಗಲ ಚೀಲ ಕೆಳಗಿಡದೆ ಕೆಲಸದ ಮೇಜಿನ ಮುಂದೆ ನಿಂತಿದ್ದಳು. ಅವಳ ಕೆತ್ತನೆಯ ಉಳಿಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಒಂದೊಂದರ ಬಾಯಿಗೂ ನೀಲಿ ಬಣ್ಣ ಹತ್ತಿತ್ತು.

"ನಾನೇ," ಎಂದ ಗಂಡ ಉದಯ, ಹೊಗಳಿಕೆಗೆ ಕಾದವನ ಹಾಗೆ. ಶಿರಸಿಯ ಅವರ ಬಡಗಿ ಅಂಗಡಿಯಲ್ಲಿ ಬಾಗಿಲು ಕೂಡಿಸುವುದು ಅವನ ಕೆಲಸ, ಅದರ ಮೇಲೆ ಹೂಬಳ್ಳಿ ಕೆತ್ತುವುದು ಅವಳದು. "ಸಾಣೆ ಮಷಿನ್ ತಂದೆ. ಒಂದೇ ಮಧ್ಯಾಹ್ನಕ್ಕೆ ಎಲ್ಲಾ ಮುಗೀತು ನೋಡು."

"ನೀರಾದ್ರೂ ಮುಟ್ಟಿಸಿದ್ರಾ? ಬಿಸಿಗೆ ನೀಲಿಗಟ್ಟಿ ಉಕ್ಕಿನ ಹದ ಪೂರಾ ಸುಟ್ಟೋಗಿದೆ!"

"ಮತ್ತೆ, ಇನ್ನೆಷ್ಟು ದಿನ ಆ ಭರಣಿ ಬೋರಲು ಹಾಕ್ಕಂಡು ಕೂತ್ಕಂತಿ ಮಾರಾಯ್ತಿ?"

ಆಗ ಅವಳಿಗೆ ಕಾರಣ ಗೊತ್ತಾಯಿತು. ಉಪ್ಪಿನಕಾಯಿ ಭರಣಿಯ ತಳದಲ್ಲಿ ಮೆರುಗಿಲ್ಲದ ಒರಟು ಅಂಚಿರುತ್ತದೆ. ನೇತ್ರಾ ಉಳಿ ಮಸೆಯುತ್ತಿದ್ದುದು ಅದರ ಮೇಲೆ. ಆಮೇಲೆ ಹಳೆಯ ಬೆಲ್ಟಿನ ಒಳಮೈಗೆ ನಾಲ್ಕು ಸಲ ಎಳೆದರೆ ಕೂದಲು ಸೀಳುವಷ್ಟು ಹರಿತ. ದೇವರಕೋಣೆಯ ಬಾಗಿಲು ಮಾಡಿಸಲು ಕೊಟ್ಟಿದ್ದ ವಾನಳ್ಳಿಯ ಶಾಂತಾರಾಮ ಹೆಗಡೆಯವರು ಹೋದ ವಾರ ಅವಳು ಭರಣಿಯ ಮೇಲೆ ಮಸೆಯುವುದನ್ನು ಕಂಡು, "ಇದೆಂತದಾ ಉದಯಾ, ಉಪ್ಪಿನಕಾಯಿ ಹಾಕೂದಾ, ಬಾಗ್ಲು ಮಾಡೂದಾ?" ಎಂದು ನಕ್ಕಿದ್ದರು. ಉದಯನೂ ನಕ್ಕಿದ್ದ.

"ಅವರೆದುರಿಗೆ ನಕ್ರಿ. ನಾನಿಲ್ಲದಾಗ ನನ್ನ ಉಳಿ ಸುಟ್ರಿ."

ಅತಿ ಸಣ್ಣ ಉಳಿಯನ್ನು ಎತ್ತಿ ಅವನ ಕೈಗೆ ತುರುಕಿದಳು. "ಹೊಡೀರಿ."

ಉದಯ ಹಲಸಿನ ತುಂಡೊಂದರ ಮೇಲೆ ಉಳಿಯಿಟ್ಟು ಕೊಡತಿಯಿಂದ ಹೊಡೆದ. ಎರಡು ಪೆಟ್ಟಿಗೇ ಉಳಿಯ ಬಾಯಿ ತಗಡಿನಂತೆ ಮಡಚಿಕೊಂಡಿತು. ಅವನು ಅದನ್ನು ಹೆಬ್ಬೆರಳಿನಿಂದ ಸವರಿ, "ಸರಿ ಮಾಡ್ಕೊಡ್ತೆ ಬಿಡು," ಎಂದ.

"ಮುಟ್ಬೇಡಿ. ಹೆಗಡೇರಿಗೆ ಫೋನ್ ಮಾಡಿ, ಬಾಗ್ಲು ಈ ವಾರ ಆಗೂದಿಲ್ಲ ಅಂತ ಹೇಳಿ."

ಅವನು ಬೀದಿಯ ಕಡೆ ಮುಖ ಮಾಡಿ ಫೋನು ಹಚ್ಚಿದ. "ನಮಸ್ಕಾರ ಹೆಗಡೇರೆ... ಬಾಗ್ಲು ಸ್ವಲ್ಪ ತಡ ಆಗ್ತದೆ. ಎಂತಕ್ಕೆ ಅಂದ್ರೆ, ನೇತ್ರಂಗೆ ಹುಷಾರಿಲ್ಲ."

ನೇತ್ರಾ ಫೋನು ಕಸಿದುಕೊಂಡಳು.

"ನಂಗೆ ಎಂತಾ ಆಗಿಲ್ಲ ಹೆಗಡೇರೆ. ನೀವು ನಕ್ಕಿದ್ದಕ್ಕೆ ಇವರಿಗೆ ನಾಚಿಕೆ ಆಯ್ತಂತೆ. ನನ್ನ ಉಳಿ ಎಲ್ಲಾ ಮಷಿನ್ನಿಗೆ ಹಿಡಿದು ಸುಟ್ಟಿಟ್ಟಿದ್ದಾರೆ. ಅವು ಸರಿಯಾದ ಮೇಲೇ ನಿಮ್ಮ ಬಾಗ್ಲು."

ಆ ಕಡೆಯಿಂದ "ಓ... ಆಗ್ಲಿ ತಂಗಿ," ಎಂದಷ್ಟೇ ಕೇಳಿತು.

ಉದಯ ದನಿ ಏರಿಸಿದ. "ಗಿರಾಕಿ ಹತ್ರ ಹಿಂಗೆ ಮಾತಾಡೂದಾ? ನನ್ನ ಮರ್ಯಾದೆ ಎಂತಾಗ್ಬೇಕು?"

"ನನ್ನ ರೋಗಿಷ್ಟೆ ಮಾಡಿ ಉಳಿಸ್ಕಂಬ ಮರ್ಯಾದೆ ಎಂತಕ್ಕೆ ನಿಮಗೆ?"

ನೇತ್ರಾ ಉಳಿಗಳನ್ನೆಲ್ಲ ಬಾಚಿಕೊಂಡು, ಬಕೆಟ್ಟಿನಲ್ಲಿ ನೀರು ಹಿಡಿದು, ಅಂಗಡಿಯ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಆ ಕಲ್ಲಿಗೇ ಉಳಿ ತಿಕ್ಕತೊಡಗಿದಳು. ನೀಲಿಯಾದಷ್ಟೂ ಭಾಗ ಸವೆದು ಹೋಗಬೇಕು. ಒಳ್ಳೆಯ ಉಕ್ಕು ಸಿಗುವುದು ಆಮೇಲೆ. ಭರಣಿಯ ಕೆಲಸ ಅದಕ್ಕೂ ಆಮೇಲೆ. ಬಸ್ಟ್ಯಾಂಡಿಗೆ ಹೋಗುವ ಜನ ತಿರುಗಿ ತಿರುಗಿ ನೋಡಿದರು. ಅವಳೂ ನೋಡಿದಳು, ಅವರೇ ಕಣ್ಣು ತಪ್ಪಿಸಿಕೊಳ್ಳುವವರೆಗೆ.

ಹಿಂದಿನಿಂದ ಉದಯನ ದನಿ ಮೆತ್ತಗೆ ಕೇಳಿತು. "ಒಂದೆರಡು ನಾನು ತಿಕ್ಲಾ?"

ಅವಳು ಉಳಿಯನ್ನು ಇನ್ನಷ್ಟು ಒತ್ತಿ ತಿಕ್ಕಿದಳು. ಕಲ್ಲಿನಿಂದಿಳಿದ ಕರಿನೀರು ಮೆಟ್ಟಿಲ ಕೆಳಗೆ ಬಿಟ್ಟಿದ್ದ ಅವನ ಚಪ್ಪಲಿಯತ್ತ ಹರಿಯುತ್ತಿತ್ತು. ನೇತ್ರಾ ಅದನ್ನು ಕಂಡಳು. ಕಂಡು, ಕಲ್ಲಿನ ಮೇಲೆ ಮತ್ತೊಂದು ಬೊಗಸೆ ನೀರು ಸುರಿದಳು.