ಐದನೇ ಗೆಣ್ಣಿನಿಂದ ಮೇಲೆ

ಸ್ವರ್ಣಲತಾ ಟೊಮೆಟೊ ಗಿಡವೊಂದನ್ನು ಬೇರುಸಮೇತ ಕಿತ್ತು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಕುದೇರಿನಿಂದ ಬೆಳಗಿನ ಬಸ್ಸಿಗೆ ಚಾಮರಾಜನಗರದ ಕಾಲೇಜಿಗೆ ತಂದಿದ್ದಳು. ಸಸ್ಯಶಾಸ್ತ್ರ ಕಲಿಸುವ ನಾಜ್ನೀನ್ ಅದನ್ನು ಲ್ಯಾಬಿನ ಮೇಜಿನ ಮೇಲೆ ಬಿಚ್ಚಿ ನೋಡಿದಳು. ಕಾಂಡ ಹಗ್ಗ ಹೊಸೆದಂತೆ ತಿರುಚಿಕೊಂಡಿತ್ತು. ಎಲೆಗಳು ಮುದುಡಿ ಹೋಗಿದ್ದವು. ಅಲ್ಲಲ್ಲಿ ಸಿಪ್ಪೆ ಊದಿ ಬಿರುಕು ಬಿಟ್ಟಿತ್ತು. ಹೊಲವೆಲ್ಲ ಹೀಗೇ ಆಗಿದೆ, ಏನೆಂದು ಕೇಳಿಕೊಂಡು ಬಾ ಅಂತ ಅಪ್ಪ ಕಳಿಸಿದ್ದಾನೆ ಎಂದು ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು.

ನಾಜ್ನೀನ್ ಬ್ಲೇಡಿನಿಂದ ಕಾಂಡವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸಾಲು ಹಿಡಿದಿರಬೇಕಾದ ಜೀವಕೋಶಗಳು ಸಿಕ್ಕಸಿಕ್ಕ ಹಾಗೆ ಒಡೆದು ಗುಂಪುಗೂಡಿದ್ದವು.

"ತುದಿಯಲ್ಲಿ ಒಂದು ಕೋಶ ಎರಡಾಗುತ್ತೆ, ಸ್ವಲ್ಪ ಕೆಳಗೆ ಅವು ಉದ್ದ ಆಗುತ್ವೆ. ಎರಡೂ ಮಗ್ಗುಲು ಸಮವಾಗಿ ಬೆಳೆದ್ರೆ ಕಾಂಡ ನೆಟ್ಟಗೆ ನಿಲ್ಲುತ್ತೆ. ಒಂದು ಮಗ್ಗುಲು ಮುಂದೋಡಿದ್ರೆ ಹೀಗೆ ತಿರುಚಿಕೊಳ್ಳುತ್ತೆ," ಎಂದಳು. "ಇದು ರೋಗ ಅಲ್ಲ ಕಣಮ್ಮ, ಕಳೆ ಔಷಧಿ ಬಿದ್ದಿದೆ. ಪಕ್ಕದ ಹೊಲದಲ್ಲಿ ಯಾರಾದರೂ ಹೊಡೆದಿದ್ರಾ?"

ಪಕ್ಕದ್ದು ಚಿಕ್ಕಪ್ಪ ಶಿವಮೂರ್ತಿಯ ಮುಸುಕಿನ ಜೋಳದ ಹೊಲ, ಹೊಡೆದಿದ್ದು ನಿಜ ಎಂದಳು ಸ್ವರ್ಣಲತಾ. ಹಾಗಾದರೆ ಗಾಳಿಗೆ ತೂರಿ ಬಂದಿದೆ ಎಂದು ನಾಜ್ನೀನ್ ತೀರ್ಮಾನ ಹೇಳಿಬಿಟ್ಟಳು. ಹುಡುಗಿ ತಲೆ ತಗ್ಗಿಸಿದ್ದು ಬೆಳೆ ಹೋದ ಸಂಕಟಕ್ಕೆ ಅಂದುಕೊಂಡಳು.

ಆಮೇಲೆ ನಾಲ್ಕು ದಿನ ಸ್ವರ್ಣಲತಾ ಕ್ಲಾಸಿಗೆ ಬರಲಿಲ್ಲ. ಅದೇ ಊರಿನ ಕುಮಾರಿ ಎಂಬ ಹುಡುಗಿ ನಡೆದದ್ದನ್ನು ಹೇಳಿದಳು. ಸ್ವರ್ಣಲತಾಳ ಅಪ್ಪ ಪುಟ್ಟಮಾದಯ್ಯ ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು ತಮ್ಮನ ಬಾಗಿಲಿಗೆ ಹೋಗಿದ್ದನಂತೆ. ನನ್ನ ಬೆಳೆಗೆ ವಿಷ ಹಾಕಿದ್ದೀಯ, ಕಾಲೇಜಿನ ಮೇಡಮ್ಮೋರೇ ನೋಡಿ ಹೇಳವ್ರೆ ಎಂದು ಬೀದಿಯ ಜನರೆದುರು ಕೊರಳಪಟ್ಟಿ ಹಿಡಿದು ಕೆಡವಿದ್ದನಂತೆ. ಒಂದೇ ಬದು, ಒಂದೇ ಬಾವಿಯ ಅಣ್ಣತಮ್ಮಂದಿರು. ಅದುವರೆಗೆ ಒಬ್ಬರಿಗೊಬ್ಬರು ದನಿ ಎತ್ತಿ ಮಾತಾಡಿದವರಲ್ಲ.

ತನ್ನ ಮಾತು ಅಷ್ಟು ದೂರ ಹೋಯಿತಲ್ಲ ಎಂದು ನಾಜ್ನೀನ್‌ಗೆ ಕಸಿವಿಸಿಯಾಯಿತು. ಭಾನುವಾರ ಕುದೇರಿಗೆ ಹೋದಳು.

ಪುಟ್ಟಮಾದಯ್ಯ, ಅವನ ಹೆಂಡತಿ ರಾಚಮ್ಮ ಅವಳನ್ನು ಹೊಲಕ್ಕೆ ಕರೆದೊಯ್ದರು. ಬದುವಿನ ಸಾಲು ನೋಡಿದಳು, ನಡುವಿನದು ನೋಡಿದಳು, ಆಚೆ ಕೊನೆಯದೂ ನೋಡಿದಳು. ಎಲ್ಲವೂ ಒಂದೇ ಸಮ ತಿರುಚಿಕೊಂಡಿದ್ದವು. ಗಾಳಿಗೆ ಬಂದಿದ್ದರೆ ಬದುವಿನ ಸಾಲು ಹೆಚ್ಚು ಕೆಡಬೇಕಿತ್ತು. ಮಂಡಿಯೂರಿ ಕೂತು ಒಂದೊಂದೇ ಗಿಡವನ್ನು ಬುಡದಿಂದ ಬೆರಳಾಡಿಸಿ ನೋಡುತ್ತಾ ಹೋದಳು. ಯಾವ ಗಿಡ ನೋಡಿದರೂ ಕೆಳಗಿನ ಕಾಂಡ ನೆಟ್ಟಗೆ, ಐದನೇ ಗೆಣ್ಣಿನಿಂದ ಮೇಲೆ ಮಾತ್ರ ತಿರುಚು. ಬೆಳೆದು ಬಲಿತ ಭಾಗ ಮತ್ತೆ ಡೊಂಕಾಗುವುದಿಲ್ಲ. ಔಷಧಿ ಬಿದ್ದ ದಿನ ಯಾವುದು ಎಳಸಾಗಿತ್ತೋ ಅಲ್ಲಿಂದಲೇ ಕೆಡುತ್ತದೆ. ಶಿವಮೂರ್ತಿ ಹೊಡೆದಾಗ ಈ ಗಿಡಗಳು ಎಷ್ಟು ಬೆಳೆದಿದ್ದವೆಂದು ಕೇಳಿದಳು. ಆಗ ಗಿಡಕ್ಕೆ ಮೂರೇ ಗೆಣ್ಣು ಎಂದಳು ರಾಚಮ್ಮ. ಹಾಗಾದರೆ ಔಷಧಿ ಬಿದ್ದದ್ದು ಅವನು ಹೊಡೆದಾಗಲ್ಲ, ಆಮೇಲೆ.

ಅದಾದ ಮೇಲೆ ನೀವೇನಾದರೂ ಹೊಡೆದಿರಾ ಎಂದು ನಾಜ್ನೀನ್ ವಿಚಾರಿಸಿದಳು. ವಾರ ಬಿಟ್ಟು ಹುಳುವಿನ ಔಷಧಿ ಹೊಡೆದೆ ಎಂದ ಪುಟ್ಟಮಾದಯ್ಯ. ಯಾವ ಮಿಷಿನ್ನಿನಲ್ಲಿ ಎಂದರೆ, ಎರಡು ಮನೆಗೂ ಇರುವುದು ಒಂದೇ ಸ್ಪ್ರೇ ಮಿಷಿನ್ನು. ಮಗಳ ಕೈಲಿ ತಮ್ಮನ ಮನೆಯಿಂದ ತರಿಸಿ, ಒಂದು ಸಲ ನೀರಾಡಿಸಿ, ಔಷಧಿ ತುಂಬಿದ್ದ. ತಳದಲ್ಲಿ ಉಳಿದ ಕಳೆ ಔಷಧಿ ಅವನ ಕೈಯಿಂದಲೇ ಇಡೀ ಹೊಲಕ್ಕೆ ಬಿದ್ದಿತ್ತು.

"ತಪ್ಪು ನನ್ನದು," ಎಂದಳು ನಾಜ್ನೀನ್. "ಹೊಲ ನೋಡದೆ ಹೇಳಬಾರದಿತ್ತು."

ಪುಟ್ಟಮಾದಯ್ಯ ಬದುವಿನ ಮೇಲೆ ಕೂತ. "ಅವ್ನ ಕೊಳ್ಪಟ್ಟಿಗೆ ಕೈ ಆಕ್ಬುಟ್ನಲ್ಲ ಮೇಡಮ್ಮೋರೆ. ಇನ್ನ್ಯಾವ್ ಮೊಕ ಇಟ್ಕಂಡು ಓಗನ?"

ಆದರೂ ಎಲ್ಲರೂ ಹೋದರು. ಶಿವಮೂರ್ತಿ ಮನೆ ಮುಂದೆ ಟೆಂಪೋಗೆ ಪಾತ್ರೆಪಗಡ ಏರಿಸುತ್ತಿದ್ದ. ಹೊಲವನ್ನು ಗುತ್ತಿಗೆಗೆ ಬಿಟ್ಟು, ಹೆಂಡತಿಯ ತವರು ಸಂತೆಮರಹಳ್ಳಿಗೆ ಹೊರಟಿದ್ದ. ನಾಜ್ನೀನ್ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಅಣ್ಣ ಕೈ ಮುಗಿದರೆ ಆ ಕಡೆ ನೋಡಲಿಲ್ಲ. ಹಿಂದೆ ನಿಂತಿದ್ದ ಸ್ವರ್ಣಲತಾಳನ್ನು ಒಂದು ಗಳಿಗೆ ನೋಡಿದ.

"ಗಿಡದ್ದು ಬುಡಿ ಮೇಡಂ, ಓಯ್ತು. ನಾನು ಅವ್ನ ಬೆಳೆಗೆ ಇಸ ಆಕೋನು ಅಂತ ಅವ್ನಿಗೆ ಅನ್ನುಸ್ತಲ್ಲ. ಅದ್ಕೇನ್ ಮಾಡೀರಿ?"

ಟೆಂಪೋದ ಹಗ್ಗ ಬಿಗಿದ.

ಬಸ್ ಸ್ಟಾಪಿನವರೆಗೂ ಸ್ವರ್ಣಲತಾ ಜೊತೆಗೆ ಬಂದಳು. ಅಲ್ಲಿ ಸೆರಗಿನಂತೆ ದುಪಟ್ಟಾ ಬಾಯಿಗೊತ್ತಿಕೊಂಡು ಅಳತೊಡಗಿದಳು.

"ಮಿಷಿನ್ನ ಸೋಪಿನ ನೀರಲ್ಲಿ ಮೂರು ಸಲ ತೊಳೀಬೇಕು ಅಂತ ಅಪ್ಪನಿಗೇಳು ಅಂತ ಚಿಕ್ಕಪ್ಪ ನನ್ ಕೈಲೇ ಹೇಳ್ಕಳಿಸಿದ್ರು ಮೇಡಂ. ನಾನು ಮರ್ತ್ಬುಟ್ಟೆ. ನೀವು ಗಾಳಿ ಅಂದಾಗ ಬದುಕ್ದೆ ಅನ್ನುಸ್ತು. ಅಪ್ಪ ಕೊಳ್ಪಟ್ಟಿ ಹಿಡಿದಾಗ ಚಿಕ್ಕಪ್ಪ ನನ್ ಮೊಕ ನೋಡ್ದ್ರು. ನಾನು ಆಗ್ಲೇ ಹೇಳ್ಬೋದಿತ್ತು. ಹೇಳ್ನಿಲ್ಲ. ಇವತ್ತೂ ಹೇಳ್ನಿಲ್ಲ."

ನಾಜ್ನೀನ್ ಅವಳ ಕೈ ಹಿಡಿದುಕೊಂಡು ನಿಂತಳು. ನೀನೇ ಅಪ್ಪನಿಗೆ ಹೇಳಬೇಕು, ಬೇರೆ ದಾರಿಯಿಲ್ಲ ಎಂದಳು. ಬಸ್ಸು ಬಂತು.

ಹುಡುಗಿ ಹೇಳಿದಳು. ಪುಟ್ಟಮಾದಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಎರಡು ದಿನ ಮುದ್ದೆ ಮುಟ್ಟದೆ ಕೂತಿದ್ದು, ಮೂರನೆಯ ದಿನ ಒಬ್ಬನೇ ಸಂತೆಮರಹಳ್ಳಿಗೆ ಹೋದನಂತೆ. ಮಧ್ಯಾಹ್ನದವರೆಗೂ ತಮ್ಮನ ಜಗುಲಿಯ ಮೇಲೆ ಕೂತಿದ್ದನಂತೆ. ಶಿವಮೂರ್ತಿ ಒಂದು ಚೊಂಬು ನೀರು ತಂದಿಟ್ಟ. ಒಳಕ್ಕೆ ಬಾ ಅನ್ನಲಿಲ್ಲ.